ಗಡಿಯಲ್ಲಿರುವ ಯೋಧರಿಗಾಗಿ ಪೂಲ್ ಪ್ರದರ್ಶನ ಮತ್ತು ಮನರಂಜನೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ — ಕೌಲ್‌ಬಜಾರಿನ ಕ್ಯೂ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಹನ್ನೊಂದು ವರ್ಷಗಳಿಂದ ಮೂರು ಟೇಬಲ್‌ಗಳ ಒಂದು ಪೂಲ್ ಪಾರ್ಲರ್ ನಡೆಸುತ್ತಿದ್ದೇನೆ. ಪೂಲ್ ಎಂದರೆ ಬಟ್ಟೆ ಹಾಸಿದ ಟೇಬಲ್ಲಿನ ಮೇಲೆ ಕ್ಯೂ ಎಂಬ ಉದ್ದ ಕೋಲಿನಿಂದ ಚೆಂಡುಗಳನ್ನು ಹೊಡೆದು ಅಂಚಿನ ಪಾಕೆಟ್ಟುಗಳಿಗೆ ಬೀಳಿಸುವ ಆಟ. ನನ್ನ ತಮ್ಮ ಸೇನೆಯಲ್ಲಿದ್ದಾನೆ. ಉತ್ತರದ ಗಡಿಯಲ್ಲಿ, ತುಂಬ ಎತ್ತರದ ಒಂದು ಪೋಸ್ಟಿನಲ್ಲಿದ್ದಾನೆ ಎಂಬುದಕ್ಕಿಂತ ಹೆಚ್ಚು ನನಗೂ ತಿಳಿದಿಲ್ಲ. ತಿಳಿದಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ರಜೆಗೆ ಬಂದಿದ್ದಾಗ ಅವನು ಪ್ರತಿ ರಾತ್ರಿ ಊಟ ಮುಗಿಸಿ ಪಾರ್ಲರಿಗೆ ಬರುತ್ತಿದ್ದ. ಗಿರಾಕಿಗಳೆಲ್ಲ ಹೋದ ಮೇಲೆ ಮೂಲೆಯ ಟೇಬಲ್ಲಿನ ದೀಪವೊಂದನ್ನೇ ಉಳಿಸಿಕೊಂಡು, ಹದಿನೈದು ಚೆಂಡುಗಳನ್ನೂ ತಾನೇ ಜೋಡಿಸಿ, ತಾನೇ ಬ್ರೇಕ್ (ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಹೊಡೆದು, ಕೊನೆಯ ಚೆಂಡು ಪಾಕೆಟ್ಟಿಗೆ ಬೀಳುವವರೆಗೆ ತುಟಿ ಬಿಚ್ಚದೆ ಆಡುತ್ತಿದ್ದ. ಅಲ್ಲಿ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಒಂದು ರಾತ್ರಿ ಕೇಳಿದೆ. ಕೇರಂ ಬೋರ್ಡ್ ಒಂದಿದೆ, ಆದರೆ ಅದರ ಸ್ಟ್ರೈಕರ್ ಒಡೆದು ಎರಡು ತಿಂಗಳಾಗಿದೆ, ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಮೇಣದಬತ್ತಿ ಕರಗಿಸಿ ತುಂಬಿ ಅದನ್ನೇ ಸ್ಟ್ರೈಕರ್ ಮಾಡಿಕೊಂಡಿದ್ದೇವೆ ಎಂದ. ದೂರು ಹೇಳುವವನ ದನಿಯಲ್ಲ ಅದು. ಮುಚ್ಚಳಕ್ಕೆ ಮೇಣ ಎಷ್ಟು ತುಂಬಿದರೆ ತೂಕ ಸರಿಹೋಗುತ್ತದೆ ಎಂಬುದನ್ನು ಬೆರಳಿನಲ್ಲಿ ಅಳೆದು ತೋರಿಸುತ್ತ, ಬಹಳ ಆಸಕ್ತಿಯಿಂದಲೇ ಹೇಳಿದ. ಅವನು ಹೋದ ಮೇಲೆ ನನಗೆ ಆ ಮುಚ್ಚಳ ಮರೆಯಲಿಲ್ಲ.

ಆಗ ಹುಟ್ಟಿದ ಯೋಚನೆ ಇದು. ನಾನು, ಟ್ರಿಕ್ ಶಾಟ್ ಎಂಬ ಚಮತ್ಕಾರದ ಹೊಡೆತಗಳಲ್ಲಿ ಪಳಗಿದ ನನ್ನ ಗೆಳೆಯ ಮತ್ತು ನಮ್ಮೂರಿನ ಒಬ್ಬ ಮಿಮಿಕ್ರಿ ಕಲಾವಿದ, ಮೂವರೂ ಸೇರಿ ನನ್ನ ಒಂಬತ್ತು ಅಡಿಯ ಟೇಬಲ್ಲನ್ನು ಲಾರಿಯಲ್ಲಿ ಹಾಕಿಕೊಂಡು ಲೇಹ್‌ವರೆಗೆ ಹೋಗಿ, ಅಲ್ಲಿಂದ ಸಾಧ್ಯವಾದಷ್ಟು ಮುಂದಿನ ಶಿಬಿರಗಳಲ್ಲಿ ಒಂದೊಂದು ಗಂಟೆಯ ಪ್ರದರ್ಶನ ಕೊಡಬೇಕೆಂದಿದ್ದೇವೆ. ಖರ್ಚು ನಮ್ಮದೇ. ಒಂದು ಕಚೇರಿಗೆ ಪತ್ರ ಬರೆದು ಎಂಟು ತಿಂಗಳಾಯಿತು, ಉತ್ತರ ಬಂದಿಲ್ಲ. ಯಾರನ್ನು ಕೇಳಬೇಕು, ಯಾವ ಟೇಬಲ್ ಒಯ್ಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ, ಹಗಲಿರುಳು ಕಾವಲು ಕಾದು ದಣಿದವರಿಗೆ ನಮ್ಮ ಈ ಆಟ ನೋಡುವುದರಿಂದ ನಿಜವಾಗಿ ಸಂತೋಷವಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ — ನಿವೃತ್ತ ಸುಬೇದಾರ, ಕುಷ್ಟಗಿ

ತಮ್ಮಾ, ನಿನ್ನ ಪತ್ರ ಓದಿ ಸಂತೋಷವಾಯಿತು. ತಮ್ಮನ ಪೋಸ್ಟಿನ ಹೆಸರು ಬರೆಯದೆ ಇದ್ದದ್ದು ಸರಿಯಾಯಿತು. ಉತ್ತರ ಬರೆಯುವ ಉಳಿದವರೂ ದಯವಿಟ್ಟು ಅದನ್ನು ಕೇಳಬಾರದು. ನಾನು ಇಪ್ಪತ್ತೆಂಟು ವರ್ಷ ಸೇವೆ ಮಾಡಿ ಬಂದವನು. ಆ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಕಚೇರಿಗೆ ಪತ್ರ ಬರೆದು ಕಾಯುವುದರಿಂದ ಈ ಕೆಲಸ ಆಗುವುದಿಲ್ಲ. ಯಾವುದೇ ತಂಡ ಸೇನೆಯ ನೆಲೆಯೊಳಗೆ ಹೋಗಬೇಕಾದರೆ ಆ ಪಲ್ಟನ್ನಿನ ಕಮಾಂಡಿಂಗ್ ಆಫೀಸರ್ ಸಾಹೇಬರು ಬೇಕೆಂದು ಹೇಳಬೇಕು, ಅವರ ಮೇಲಿನವರು ಒಪ್ಪಬೇಕು, ನಿಮ್ಮ ಮೂವರ ಗುರುತಿನ ಚೀಟಿ ಮತ್ತು ಹಿನ್ನೆಲೆಯ ಪರಿಶೀಲನೆ ಆಗಬೇಕು. ಅವರು ನಿಮ್ಮನ್ನು ಕರೆಯಬೇಕೆಂದರೆ ನಿಮ್ಮ ಆಟವನ್ನು ಸೇನೆಯವರೇ ಯಾರಾದರೂ ಮೊದಲು ನೋಡಿ ಮೆಚ್ಚಿರಬೇಕು. ಆದ್ದರಿಂದ ಹತ್ತಿರದಿಂದ ಆರಂಭಿಸು. ನಮ್ಮ ಭಾಗದವರಿಗೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರವಿದೆ, ರಾಯಚೂರಿನಿಂದ ರೈಲು ಹತ್ತಿದರೆ ಸಿಕಂದರಾಬಾದಿನ ದಂಡು ಪ್ರದೇಶವಿದೆ. ನಿನ್ನ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನೀನೇ ಹೋಗು, ಊರಿನ ಮಾಜಿ ಸೈನಿಕರನ್ನು ಜೊತೆಗೆ ಕರೆದುಕೊಂಡು ಹೋಗು. ಡಿಸೆಂಬರ್ 7ರ ಧ್ವಜ ದಿನಾಚರಣೆಯಂದು ಅಲ್ಲಿ ಸೇರುವ ಮಾಜಿ ಸೈನಿಕರ ಮುಂದೆ ಅರ್ಧ ಗಂಟೆ ಆಡಿ ತೋರಿಸಿದರೂ ಸಾಕು. ಅವರಲ್ಲಿ ಒಬ್ಬರು ತಮ್ಮ ಹಳೆಯ ಪಲ್ಟನ್ನಿನ ಸುಬೇದಾರ ಮೇಜರ್ ಅವರಿಗೆ ಫೋನು ಮಾಡಿದರೆ, ನಿನ್ನ ಎಂಟು ತಿಂಗಳ ಪತ್ರ ಮಾಡದ ಕೆಲಸ ಒಂದು ದಿನದಲ್ಲಿ ಆಗುತ್ತದೆ.

ಎರಡನೆಯದು ಎತ್ತರದ ಮಾತು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಬಳ್ಳಾರಿಯ ಬಯಲಿನಲ್ಲಿ ಬೆಳೆದ ದೇಹ ಅಲ್ಲಿ ಇಳಿದ ದಿನವೇ ಬಗ್ಗಿ ಕ್ಯೂ ಹಿಡಿದರೆ ತಲೆ ಸುತ್ತುತ್ತದೆ, ಉಸಿರು ಕಟ್ಟುತ್ತದೆ. ನಮ್ಮನ್ನೇ ಮೊದಲ ಹಂತದಲ್ಲಿ ಆರು ದಿನ, ಅದಕ್ಕಿಂತ ಮೇಲೆ ಹೋಗುವಾಗ ನಾಲ್ಕು ದಿನ, ಇನ್ನೂ ಮೇಲಕ್ಕೆ ಮತ್ತೆ ನಾಲ್ಕು ದಿನ ದೇಹ ಹೊಂದಿಕೊಳ್ಳಲು ನಿಲ್ಲಿಸುತ್ತಾರೆ. ಪ್ರದರ್ಶನಕ್ಕೆ ಹೋದವನು ಕಾಯಿಲೆ ಬಿದ್ದರೆ ಅವನನ್ನು ಕೆಳಗೆ ಇಳಿಸುವ ಕೆಲಸ ಅದೇ ಜವಾನರ ಹೆಗಲಿಗೆ ಬರುತ್ತದೆ. ಆದ್ದರಿಂದ ಈ ದಿನಗಳನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಬೇಕು.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ನನ್ನ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಉಳಿದಿದೆ. ನಾನು ಇನ್ನೂ ನಾಯಕ್ ಆಗಿದ್ದಾಗ ನಮ್ಮ ಶಿಬಿರಕ್ಕೆ ಒಂದು ಆರ್ಕೆಸ್ಟ್ರಾ ಬಂದಿತ್ತು. ನಾಲ್ಕು ದಿನ ಮೊದಲಿನಿಂದ ಲಂಗರಿನಲ್ಲಿ (ನಮ್ಮ ಅಡುಗೆ-ಊಟದ ಮನೆಯಲ್ಲಿ) ಅದೇ ಮಾತು. ಆ ಸಂಜೆ ನನಗೆ ಕಾವಲಿನ ಪಾಳಿ ಬಿತ್ತು. ಎರಡು ಗಂಟೆ ನಾನು ನಿಂತಲ್ಲಿಗೆ ಗಾಳಿ ಈ ಕಡೆ ಬೀಸಿದಾಗ ಮಾತ್ರ ಡೋಲಿನ ಸದ್ದು ಬರುತ್ತಿತ್ತು, ಗಾಳಿ ತಿರುಗಿದರೆ ಏನೂ ಇಲ್ಲ. ಪಾಳಿ ಮುಗಿಸಿ ಬರುವಷ್ಟರಲ್ಲಿ ಅವರು ಸಾಮಾನು ಕಟ್ಟುತ್ತಿದ್ದರು. ಯಾವ ಶಿಬಿರದಲ್ಲೂ ಎಲ್ಲರೂ ಒಂದೇ ಹೊತ್ತಿಗೆ ಬಿಡುವಾಗಿರುವುದಿಲ್ಲ. ಆದ್ದರಿಂದ ಒಂದು ಜಾಗಕ್ಕೆ ಹೋದರೆ ಒಂದು ಗಂಟೆಯ ಒಂದು ಆಟ ಆಡಿ ಮುಂದೆ ಹೋಗಬೇಡ. ಕಡಿಮೆ ಜಾಗಗಳಿಗೆ ಹೋಗು, ಆದರೆ ಒಂದೊಂದು ಕಡೆ ಎರಡು ದಿನ ನಿಲ್ಲು. ಪಾಳಿ ಬದಲಾದಂತೆ ಆಟವನ್ನು ಮತ್ತೆ ಮತ್ತೆ ಆಡು.

ಇನ್ನು ನೋಡುವುದರಿಂದ ಸಂತೋಷವಾಗುತ್ತದೆಯೇ ಎಂದು ಕೇಳಿದ್ದೀಯ. ಆಗುತ್ತದೆ. ಆದರೆ ನಾನು ಕಂಡಂತೆ ಜವಾನನಿಗೆ ಸುಮ್ಮನೆ ಕುಳಿತು ನೋಡುವುದು ಹದಿನೈದು ನಿಮಿಷ ಸಾಕು, ಆಮೇಲೆ ಅವನ ಕೈ ತುರಿಸತೊಡಗುತ್ತದೆ. ಹದಿನಾರನೆಯ ನಿಮಿಷಕ್ಕೆ ಕ್ಯೂ ಅವನ ಕೈಗೆ ಕೊಡು. ದೇಶಭಕ್ತಿಯ ಭಾಷಣ ಬೇಡ. ಅವನು ಅಲ್ಲಿ ನಿಂತಿರುವುದೇ ಅದಕ್ಕಾಗಿ, ಅದನ್ನು ಊರಿನಿಂದ ಬಂದವರು ಅವನಿಗೆ ಹೇಳಿಕೊಡಬೇಕಾಗಿಲ್ಲ.

ಉತ್ತರ — ಟೇಬಲ್ ಮಿಸ್ತ್ರಿ, ರಾಯಚೂರು

ಅಣ್ಣಾವರೇ, ಸುಬೇದಾರ ಸಾಹೇಬರು ಹೇಳಿದ ಮೇಲೆ ನಾನು ಟೇಬಲ್ಲಿನ ಮಾತನ್ನಷ್ಟೇ ಹೇಳುತ್ತೇನೆ. ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಪಾರ್ಲರುಗಳಿಗೆ ಬಟ್ಟೆ ಹಾಸುವುದು, ಟೇಬಲ್ಲಿನ ಒಳಅಂಚಿನ ಕುಷನ್ ಬದಲಿಸುವುದು ನನ್ನ ಕಸುಬು.

ಒಂಬತ್ತು ಅಡಿಯ ಟೇಬಲ್ಲನ್ನು ಲಾರಿಯಲ್ಲಿ ಒಯ್ಯುವ ವಿಚಾರ ಕೈಬಿಡಿ. ಅದರೊಳಗಿನ ಸ್ಲೇಟ್ ಕಲ್ಲು ಒಂದು ಇಂಚು ದಪ್ಪದ ಮೂರು ಹಲಗೆಗಳಾಗಿರುತ್ತದೆ, ಒಂದೊಂದು ಹಲಗೆ ಸುಮಾರು 90 ಕೆ.ಜಿ. ತೂಗುತ್ತದೆ. ಅದನ್ನು ಬಿಚ್ಚಿ, ಸಾವಿರಾರು ಕಿಲೋಮೀಟರ್ ಕುಲುಕಿಸಿ, ಮತ್ತೆ ಜೋಡಿಸಿ, ಸಂದುಗಳಿಗೆ ಮೇಣ ತುಂಬಿ, ರಸಮಟ್ಟ ಇಟ್ಟು ನಾಲ್ಕೂ ಮೂಲೆ ಸರಿಮಾಡುವುದಕ್ಕೆ ನನ್ನಂಥವರು ಇಬ್ಬರಿಗೆ ಅರ್ಧ ದಿನ ಬೇಕು. ದಾರಿಯಲ್ಲಿ ಒಂದು ಹಲಗೆಯ ಮೂಲೆ ಮುರಿದರೆ ನಿಮ್ಮ ಯಾತ್ರೆ ಅಲ್ಲಿಗೇ ಮುಗಿಯಿತು. ಟೇಬಲ್ ಚಿಕ್ಕದಾದರೆ ಆಟದ ಘನತೆ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಅಮೆರಿಕದ ವಿಲ್ಲಿ ಮಾಸ್ಕೋನಿ 1954ರಲ್ಲಿ ಒಂದು ಪ್ರದರ್ಶನದಲ್ಲಿ ಒಮ್ಮೆಯೂ ತಪ್ಪದೆ 526 ಚೆಂಡುಗಳನ್ನು ಹಾಕಿದ್ದು ಎಂಟು ಅಡಿಯ ಟೇಬಲ್ಲಿನ ಮೇಲೆ. ಕಾಲು ಮಡಚುವ, ಹಲಗೆಯ ತಳದ ಏಳು ಅಡಿಯ ಟೇಬಲ್ ಒಯ್ಯಿರಿ. ಇಬ್ಬರು ಎತ್ತಬಹುದು. ಚೆಂಡುಗಳ ಓಟ ಸ್ಲೇಟಿನಷ್ಟು ನುಣುಪಾಗಿರುವುದಿಲ್ಲ ಎಂಬುದು ನಿಜ. ನಿಮ್ಮ ಗೆಳೆಯರು ಆ ಟೇಬಲ್ಲಿನ ಮೇಲೆ ಎರಡು ತಿಂಗಳು ಅಭ್ಯಾಸ ಮಾಡಿಕೊಳ್ಳಬೇಕು.

ಆದರೆ ಅದಕ್ಕಿಂತ ಮೊದಲು ಜಾಗದ ಲೆಕ್ಕ ನೋಡಿ. ಕ್ಯೂ 58 ಇಂಚು ಉದ್ದವಿರುತ್ತದೆ. ಅದನ್ನು ಹಿಂದಕ್ಕೆಳೆಯಲು ನಾಲ್ಕೂ ಕಡೆ ಅಷ್ಟು ಜಾಗ ಬೇಕೆಂದರೆ ಏಳು ಅಡಿಯ ಟೇಬಲ್ಲಿಗೂ ಸುಮಾರು 16 ಅಡಿ ಉದ್ದ, 13 ಅಡಿ ಅಗಲದ ಕೋಣೆ ಬೇಕು. ಬೇಸ್ ಕ್ಯಾಂಪಿನಲ್ಲಿ ಇಂಥ ಕೋಣೆ ಸಿಗಬಹುದು, ಬಂಕರಿನಲ್ಲಿ ಖಂಡಿತ ಸಿಗುವುದಿಲ್ಲ. 48 ಇಂಚಿನ ಗಿಡ್ಡ ಕ್ಯೂಗಳನ್ನೂ ಎರಡು ಇಟ್ಟುಕೊಳ್ಳಿ, ಗೋಡೆ ಹತ್ತಿರವಾದಾಗ ಉಪಯೋಗಕ್ಕೆ ಬರುತ್ತವೆ.

ಚಳಿಯ ಬಗ್ಗೆ ಹೇಳಬೇಕು. ಕುಷನ್ ಎಂದರೆ ರಬ್ಬರು. ಚಳಿಯಲ್ಲಿ ಅದು ಗಟ್ಟಿಯಾಗಿ ಚೆಂಡನ್ನು ಹಿಂದಕ್ಕೆ ತಳ್ಳುವ ಗುಣ ಕಳೆದುಕೊಳ್ಳುತ್ತದೆ. ಕೋಣೆಯಲ್ಲಿ ಬುಖಾರಿ (ಕೋಣೆ ಬಿಸಿಮಾಡುವ ಒಲೆ) ಹಚ್ಚಿ ಒಂದು ಗಂಟೆಯಾದ ಮೇಲೆ ಆಟ ಆರಂಭಿಸಬೇಕು, ಆದರೆ ಟೇಬಲ್ಲನ್ನು ಬುಖಾರಿಯ ಪಕ್ಕಕ್ಕೆ ಒಯ್ಯಬಾರದು; ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ತಗುಲಿದರೆ ಹಲಗೆ ಸೊಟ್ಟಗಾಗುತ್ತದೆ. ಹೊರಗಿನಿಂದ ತಂದ ಚೆಂಡುಗಳ ಮೇಲೆ ಹನಿ ಕಟ್ಟುತ್ತದೆ, ಅವನ್ನು ಒರೆಸದೆ ಬಟ್ಟೆಯ ಮೇಲೆ ಇಡಬೇಡಿ. ಇಲ್ಲಿ ನಮಗೆ ಸಂಡೂರಿನ ಕೆಂಪು ಧೂಳಿನದೇ ಚಿಂತೆ; ಸಂಜೆಗೆ ಚೆಂಡು ಒರೆಸಿದ ಬಟ್ಟೆ ಕುಂಕುಮ ಒರೆಸಿದಂತೆ ಕಾಣುತ್ತದೆ. ಅಲ್ಲಿಯ ಶತ್ರು ಈ ಹನಿ.

ನನ್ನ ಮುಖ್ಯ ಮಾತು ಇಷ್ಟು. ಆ ಟೇಬಲ್ಲನ್ನು ವಾಪಸ್ ತರಬೇಡಿ, ಅಲ್ಲಿಯೇ ಬಿಟ್ಟು ಬನ್ನಿ. ಬಿಟ್ಟು ಬರುವುದಾದರೆ ಒಬ್ಬ ಜವಾನನಿಗೆ ಕ್ಯೂವಿನ ತುದಿಯ ಟಿಪ್ ಕೂರಿಸುವುದನ್ನು ಕಲಿಸಿ ಬನ್ನಿ. ಚರ್ಮದ ಟಿಪ್ ಒಣ ಚಳಿಗೆ ಬಿರಿದು ಉದುರುತ್ತದೆ. ಟಿಪ್ ಹೋದ ಕ್ಯೂ ಕೋಲು ಮಾತ್ರ. ಎರಡು ಡಜನ್ ಟಿಪ್, ಅಂಟು, ಉಪ್ಪು ಕಾಗದ, ಒಂದು ಡಬ್ಬಿ ಚಾಕ್, ಮೇಲೆ ಹೊದಿಸಲು ಒಂದು ತಾಡಪಾಲು. ಕ್ಯೂಗಳನ್ನು ಗೋಡೆಗೆ ಒರಗಿಸದೆ ನೇರವಾಗಿ ಮಲಗಿಸಿ ಇಡಬೇಕೆಂಬುದನ್ನೂ ಹೇಳಿ. ಟಿಪ್ ಮತ್ತು ಅಂಟಿನ ಪೆಟ್ಟಿಗೆಯನ್ನು ನಾನು ನನ್ನ ಕಡೆಯಿಂದ ಕೊಡುತ್ತೇನೆ.

ಉತ್ತರ — ಕೌಲ್‌ಬಜಾರಿನ ಕ್ಯೂ

ಸುಬೇದಾರ ಸಾಹೇಬರಿಗೂ ಮಿಸ್ತ್ರಿಯವರಿಗೂ ಮನಃಪೂರ್ವಕ ವಂದನೆಗಳು. ಒಂಬತ್ತು ಅಡಿಯ ಟೇಬಲ್ಲಿನ ಯೋಚನೆಯನ್ನು ಬಿಟ್ಟೆ. ಒಂದು ಸಂದೇಹ ಉಳಿದಿದೆ. ಪೂಲ್ ಟೇಬಲ್ ಸೊಂಟದ ಎತ್ತರದಲ್ಲಿರುತ್ತದೆ, ಚೆಂಡುಗಳು ಮಲಗಿದ ಬಟ್ಟೆಯ ಮೇಲೆ ಓಡುತ್ತವೆ. ಸುತ್ತ ನಿಂತ ಇಪ್ಪತ್ತು ಮಂದಿಗೆ ಕಾಣುತ್ತದೆ, ಅವರ ಹಿಂದಿನವರಿಗೆ ಆಟಗಾರನ ಬೆನ್ನು ಮಾತ್ರ ಕಾಣುತ್ತದೆ. ದೊಡ್ಡ ಶಿಬಿರದಲ್ಲಿ ನೂರಿನ್ನೂರು ಜನ ಸೇರಿದರೆ ಏನು ಮಾಡಬೇಕು?

ಉತ್ತರ — ನಿವೃತ್ತ ಇತಿಹಾಸ ಉಪನ್ಯಾಸಕ, ಬಳ್ಳಾರಿ

ನಿಮ್ಮ ಈ ಕೊನೆಯ ಪ್ರಶ್ನೆಗೆ ಎಂಬತ್ತು ವರ್ಷಗಳ ಹಿಂದೆಯೇ ಒಬ್ಬರು ಉತ್ತರ ಕಂಡುಕೊಂಡಿದ್ದರು. ಇಂಗ್ಲೆಂಡಿನ ಜೋ ಡೇವಿಸ್ 1927ರಿಂದ 1946ರವರೆಗೆ ಹದಿನೈದು ಬಾರಿ ವಿಶ್ವ ಸ್ನೂಕರ್ ಚಾಂಪಿಯನ್ ಆದವರು. ಸ್ನೂಕರ್ ಕೂಡ ಪೂಲ್‌ನಂತೆ ಕ್ಯೂ ಹಿಡಿದು ಆಡುವ ಆಟ. ಎರಡನೆಯ ಮಹಾಯುದ್ಧದಿಂದಾಗಿ 1941ರಿಂದ 1945ರವರೆಗೆ ಚಾಂಪಿಯನ್‌ಷಿಪ್ ನಿಂತುಹೋದಾಗ ಅವರು ಸುಮ್ಮನೆ ಕೂರಲಿಲ್ಲ. ಊರೂರು ತಿರುಗಿ ಪ್ರದರ್ಶನ ಪಂದ್ಯಗಳನ್ನು ಆಡಿ ಯುದ್ಧನಿಧಿಗಳಿಗೆ ಹಣ ಕೂಡಿಸಿಕೊಟ್ಟರು. ನಾಟಕಶಾಲೆಯ ರಂಗದ ಮೇಲೆ ಆಡುವಾಗ ಟೇಬಲ್ಲಿನ ಹಿಂದೆ ಒಂದು ದೊಡ್ಡ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನವನಿಗೂ ಬಟ್ಟೆಯ ಮೇಲಿನ ಚೆಂಡುಗಳೆಲ್ಲ ಆ ಕನ್ನಡಿಯಲ್ಲಿ ಕಾಣುತ್ತಿದ್ದವು. ನೀವು ಕನ್ನಡಿ ಒಯ್ಯಬೇಕಾಗಿಲ್ಲ. ಟೇಬಲ್ಲಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಕಟ್ಟಿ, ಶಿಬಿರದಲ್ಲಿರುವ ಟಿ.ವಿ.ಗೋ ಪ್ರೊಜೆಕ್ಟರಿಗೋ ತಂತಿ ಜೋಡಿಸಿದರೆ ಅದೇ ಕೆಲಸವಾಗುತ್ತದೆ. ಕ್ಯಾಮೆರಾ ಅವರದೇ ಆಗಿರಲಿ, ದೃಶ್ಯ ಅಲ್ಲಿಯೇ ಉಳಿಯಲಿ, ನಿಮ್ಮ ಫೋನಿನಲ್ಲಿ ಒಂದು ಚಿತ್ರವೂ ಹೊರಗೆ ಬರದಿರಲಿ.

ಇನ್ನೊಂದು ವಿಷಯ ಈ ಸಂದರ್ಭದಲ್ಲಿ ಹೇಳಲೇಬೇಕು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದ ದಂಡಿನಲ್ಲಿ, ಸೈನ್ಯದ ಬೇಸರದಿಂದ. 1875ರಲ್ಲಿ ಜಬಲ್ಪುರದಲ್ಲಿ ಮಳೆ ಹಿಡಿದು ಹೊರಗೆ ಹೋಗಲಾಗದೆ ಕುಳಿತಿದ್ದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು ಇವರಲ್ಲ) ಅಲ್ಲಿ ಆಡುತ್ತಿದ್ದ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದರು. 1882ರಲ್ಲಿ ಊಟಿಯ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಅದರ ನಿಯಮಗಳು ಗೋಡೆಗೇರಿದವು. ನೀವು ಪಾರ್ಲರ್ ನಡೆಸುತ್ತಿರುವ ಕೌಲ್‌ಬಜಾರೂ ದಂಡಿನ ಆಸರೆಯಲ್ಲಿ ಬೆಳೆದ ಪೇಟೆಯೇ. ನಮ್ಮ ಕಂಟೋನ್ಮೆಂಟ್ ರೈಲು ನಿಲ್ದಾಣದ ಹೆಸರಿನಲ್ಲಿ ಆ ದಂಡು ಇಂದಿಗೂ ಉಳಿದಿದೆ. ಆದರೆ ಆ ಕಾಲದಲ್ಲಿ ಹಸಿರು ಬಟ್ಟೆಯ ಟೇಬಲ್ ಇದ್ದದ್ದು ಅಧಿಕಾರಿಗಳಿಗೆ. ನಮ್ಮ ಸಿಪಾಯಿ ಅದರ ಹತ್ತಿರ ಹೋಗುತ್ತಿದ್ದದ್ದು ಧೂಳು ಒರೆಸಲು, ಇಲ್ಲವೆ ಲೋಟ ತಂದಿಡಲು. ನೀವು ಒಯ್ಯುವ ಟೇಬಲ್ ಜವಾನರ ಕೋಣೆಗೆ ಹೋಗಬೇಕೆಂದು ನಾನು ಬಯಸುವುದು ಇದೇ ಕಾರಣಕ್ಕೆ.

ಯುದ್ಧಭೂಮಿಗೆ ಮನರಂಜನೆ ಒಯ್ಯುವುದು ಹೊಸದೇನಲ್ಲ. ಅಮೆರಿಕದಲ್ಲಿ 1941ರಲ್ಲಿ ಇದಕ್ಕಾಗಿಯೇ ಯು.ಎಸ್.ಓ. ಎಂಬ ಸಂಸ್ಥೆ ಹುಟ್ಟಿತು. ಆ ವರ್ಷದ ಮೇ 6ರಂದು ಸೈನಿಕರ ಮುಂದೆ ನಿಂತ ಬಾಬ್ ಹೋಪ್ ಎಂಬ ಹಾಸ್ಯಗಾರ ಸುಮಾರು ಐವತ್ತು ವರ್ಷ ಆ ಕೆಲಸ ಬಿಡಲಿಲ್ಲ. ಅದೇ ಯುದ್ಧಕಾಲದಲ್ಲಿ ಭಾರತೀಯ ಸಿಪಾಯಿಗಳಿಗಾಗಿ ಫೌಜಿ ದಿಲ್‌ಖುಷ್ ಸಭಾ ಎಂಬ ತಂಡಗಳಿದ್ದವು. ಸ್ವಾತಂತ್ರ್ಯಾನಂತರ ಸುನಿಲ್ ದತ್ ಮತ್ತು ನರ್ಗಿಸ್ ತಮ್ಮ ಅಜಂತಾ ಕಲಾ ತಂಡವನ್ನು ಗಡಿಯವರೆಗೆ ಕರೆದೊಯ್ದರು. ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗ 1967ರಲ್ಲಿ ಸಶಸ್ತ್ರ ಪಡೆಗಳ ಮನರಂಜನೆಗೆಂದೇ ಒಂದು ಘಟಕ ತೆರೆಯಿತು. ಇವೆಲ್ಲ ಹಾಡು, ನೃತ್ಯ, ಹಾಸ್ಯ. ಅವಕ್ಕೆ ಭಾಷೆ ಬೇಕು. ಒಂದೇ ಶಿಬಿರದಲ್ಲಿ ತಮಿಳರು, ಗಢವಾಲಿಗಳು, ನಾಗಾಗಳು ಇರುವ ಕಡೆ ನಿಮ್ಮ ಚೆಂಡಿಗೆ ಅನುವಾದ ಬೇಕಾಗಿಲ್ಲ. ಮಿಮಿಕ್ರಿ ಕಲಾವಿದರು ಮಾತ್ರ ಹಿಂದಿಯಲ್ಲಿ ಸ್ವಲ್ಪ ಸಿದ್ಧವಾಗಿ ಹೋಗಲಿ. ಹಕ್ಕಿ, ರೈಲು, ಗಾಳಿಯ ಸದ್ದುಗಳನ್ನು ಹೆಚ್ಚು ಇಟ್ಟುಕೊಳ್ಳಲಿ.

ಉತ್ತರ — ತೊಗಲುಗೊಂಬೆ ಮೇಳದವಳು, ಕೊಪ್ಪಳ ಜಿಲ್ಲೆ

ಅಣ್ಣಾ, ನಮಗೆ ಪೂಲ್ ಆಟದ ಗಂಧ ತಿಳಿಯದು. ನಮ್ಮದು ತೊಗಲುಗೊಂಬೆ ಆಡಿಸುವ ಮನೆತನ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಲೆಯ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ನಮ್ಮ ಮೇಳ ಒಮ್ಮೆ ಒಂದು ಸೇನಾ ಶಿಬಿರದಲ್ಲಿ ಆಡಿದ್ದರಿಂದ ಒಂದು ಮಾತು ಬರೆಯಬೇಕೆನಿಸಿತು.

ನಮ್ಮ ಆಟದ ಸಾಮಾನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಬಿಳಿ ಪರದೆ, ದೀಪ, ಗೊಂಬೆಗಳು, ತಾಳ, ಮದ್ದಳೆ. ಅಂದು ಲಂಕಾದಹನದ ಭಾಗವನ್ನಷ್ಟೇ ಆಡಿದೆವು, ಮಾತು ಕನ್ನಡದ್ದೇ. ಎದುರಿಗೆ ಕುಳಿತವರಲ್ಲಿ ಕನ್ನಡ ಬಲ್ಲವರು ನಾಲ್ಕೈದು ಮಂದಿ ಇದ್ದಿರಬೇಕು. ಆದರೂ ಬಾಲಕ್ಕೆ ಬೆಂಕಿ ಹಚ್ಚುವ ಹೊತ್ತಿಗೆ ಎಲ್ಲರೂ ಕೂಗಿದರು. ಆಟ ಮುಗಿದ ಮೇಲೆ ಚಪ್ಪಾಳೆ ತಟ್ಟಿ ಹೋಗುತ್ತಾರೆ ಎಂದುಕೊಂಡಿದ್ದೆವು. ಅವರು ಹೋಗಲಿಲ್ಲ, ಪರದೆಯ ಹಿಂದಕ್ಕೆ ಬಂದರು. ಹಿಮಾಚಲದ ಕಡೆಯ ಒಬ್ಬ ಹುಡುಗ ಹನುಮಪ್ಪನ ಗೊಂಬೆಯನ್ನು ಕೈಯಲ್ಲಿ ಹಿಡಿದು ದೀಪಕ್ಕೆ ಅಡ್ಡ ತಿರುಗಿಸಿ, ಬಣ್ಣ ಹೇಗೆ ಹಾಯುತ್ತದೆ ಎಂದು ನೋಡಿದ. ನಮ್ಮಪ್ಪ ಅವನ ಬೆರಳುಗಳನ್ನು ಕಡ್ಡಿಯ ಮೇಲೆ ಕೂರಿಸಿಕೊಟ್ಟರು. ಅವನು ಕುಣಿಸಿದ್ದು ಹನುಮಪ್ಪನಂತಿರಲಿಲ್ಲ, ಮದುವೆಯಲ್ಲಿ ಕುಣಿಯುವ ಸೋದರಮಾವನಂತಿತ್ತು. ಪರದೆಯ ಆಚೆ ಕುಳಿತ ಅವನ ಗೆಳೆಯರು ಬಿದ್ದು ಬಿದ್ದು ನಕ್ಕರು. ಅಷ್ಟು ದೊಡ್ಡ ನಗೆ ನಮ್ಮ ಇಡೀ ಆಟಕ್ಕೆ ಬಂದಿರಲಿಲ್ಲ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ನಾವು ಮಲಗಿದಾಗ ಬಹಳ ಹೊತ್ತಾಗಿತ್ತು.

ಸುಬೇದಾರ ಕಾಕಾ ಹೇಳಿದ್ದು ಸತ್ಯ. ಕೈಗೆ ಕೊಡಿ. ಟೇಬಲ್ ಹಿಡಿಯದಷ್ಟು ಚಿಕ್ಕ ಪೋಸ್ಟುಗಳಿಗೆ ಜೊತೆ ಬೇಕಾದರೆ ನಮ್ಮ ಪೆಟ್ಟಿಗೆಯೂ ಬರುತ್ತದೆ. ಅದಕ್ಕೆ ಹದಿನಾರು ಅಡಿಯ ಕೋಣೆ ಬೇಡ.

ಉತ್ತರ — ಯೋಧನ ಮನೆಯಾಕೆ, ಸಿರುಗುಪ್ಪ

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವವಳಲ್ಲ. ನನ್ನ ಯಜಮಾನರು ಈಗ ಮೂರನೆಯ ಬಾರಿ ಫೀಲ್ಡಿನಲ್ಲಿದ್ದಾರೆ, ಅಲ್ಲಿಗೆ ಸಂಸಾರ ಕರೆದುಕೊಂಡು ಹೋಗುವಂತಿಲ್ಲ. ಸಿಗ್ನಲ್ ಸಿಕ್ಕ ದಿನ ಫೋನು ಬರುತ್ತದೆ. ಊಟ ಆಯಿತಾ, ಮಕ್ಕಳು ಶಾಲೆಗೆ ಹೋದರಾ, ಭತ್ತಕ್ಕೆ ನೀರು ಬಿಟ್ಟರಾ ಎಂದು ಕೇಳುತ್ತಾರೆ. ನೀವು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ಮೂರು ನಿಮಿಷಕ್ಕೆ ಮಾತು ಮುಗಿಯುತ್ತದೆ, ಏಕೆಂದರೆ ಅಲ್ಲಿಯ ಕೆಲಸದ ಮಾತು ಹೇಳುವಂತಿಲ್ಲ, ಕೆಲಸ ಬಿಟ್ಟರೆ ಅಲ್ಲಿ ನಡೆಯುವುದು ಬೇರೇನೂ ಇಲ್ಲ.

ಒಮ್ಮೆ ಅವರಿದ್ದಲ್ಲಿಗೆ ಒಂದು ಹಾಡಿನ ತಂಡ ಬಂದಿತ್ತಂತೆ. ಆ ರಾತ್ರಿ ಅವರು ಇಪ್ಪತ್ತು ನಿಮಿಷ ಮಾತನಾಡಿದರು. ಹಾಡಿದವಳ ಗಂಟಲು ಚಳಿಗೆ ಕಟ್ಟಿದ್ದು, ಅಡುಗೆಯವರು ಬಿಸಿನೀರಿಗೆ ಮೆಣಸು ಹಾಕಿ ಕೊಟ್ಟಿದ್ದು, ತಾವು ಎರಡನೆಯ ಸಾಲಿನಲ್ಲಿ ಕುಳಿತಿದ್ದು, ಎಲ್ಲವನ್ನೂ ಹೇಳಿದರು. ನನ್ನ ಮಗಳು ಫೋನು ಕಿತ್ತುಕೊಂಡು, ಅಪ್ಪಾ ನೀನೂ ಹಾಡಿದೆಯಾ ಎಂದು ಕೇಳಿದಳು. ಅಣ್ಣಾ, ನಿಮ್ಮ ಆಟ ಅವರಿಗೆ ಎಷ್ಟು ಹಿಡಿಸುತ್ತದೆ ಎಂಬುದು ನನಗೆ ತಿಳಿಯದು. ಆದರೆ ನೀವು ಹೋಗಿಬಂದ ರಾತ್ರಿ ಎಷ್ಟೋ ಮನೆಗಳಲ್ಲಿ ಫೋನು ಬೇಗ ಕೆಳಗೆ ಇಡುವುದಿಲ್ಲ. ದಯವಿಟ್ಟು ಹೋಗಿ.

ಉತ್ತರ — ನಿವೃತ್ತ ಸುಬೇದಾರ, ಕುಷ್ಟಗಿ

ತಂಗೀ, ನೀನು ಬರೆದದ್ದನ್ನು ನಾನು ನನ್ನ ಮನೆಯವಳಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ತಮ್ಮಾ, ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಪುಣೆಯ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವ ಯೋಧರ ಪುನರ್ವಸತಿ ಕೇಂದ್ರವಿದೆ. ಗಡಿಯಿಂದ ಬಂದವರು ಅಲ್ಲಿಯೂ ಇದ್ದಾರೆ. ಈ ಆಟವನ್ನು ಕುಳಿತು ಆಡಬಹುದೇ ಎಂಬುದನ್ನು ಮಿಸ್ತ್ರಿಯವರು ತಿಳಿಸಲಿ.

ಉತ್ತರ — ಟೇಬಲ್ ಮಿಸ್ತ್ರಿ, ರಾಯಚೂರು

ಖಂಡಿತ ಆಡಬಹುದು ಸಾಹೇಬರೇ. ಗಾಲಿಕುರ್ಚಿಯ ಪೂಲ್‌ಗೆ ಹೊರದೇಶಗಳಲ್ಲಿ ಪ್ರತ್ಯೇಕ ಪಂದ್ಯಗಳೇ ನಡೆಯುತ್ತವೆ. ಕುರ್ಚಿಯಿಂದ ಏಳಬಾರದು, ಕಾಲು ನೆಲಕ್ಕೆ ಊರಬಾರದು ಎಂಬುದು ಅಲ್ಲಿಯ ನಿಯಮ. ಕೈಗೆಟುಕದ ಚೆಂಡಿಗೆ ಕ್ಯೂ ಆನಿಸುವ ಕೋಲು ಕೊಟ್ಟರಾಯಿತು. ಟೇಬಲ್ಲಿನ ಸುತ್ತ ಕುರ್ಚಿ ತಿರುಗುವಷ್ಟು ಜಾಗ ಇರಬೇಕು, ಕಾಲುಗಳ ನಡುವೆ ಅಡ್ಡಪಟ್ಟಿ ಇರಬಾರದು. ಅಂಥದೊಂದು ಟೇಬಲ್ ಸಿದ್ಧಮಾಡುವುದಾದರೆ ನನ್ನ ಕೂಲಿ ಬೇಡ.

ಉತ್ತರ — ಕೌಲ್‌ಬಜಾರಿನ ಕ್ಯೂ

ಎಲ್ಲ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಸಿರುಗುಪ್ಪದ ಅಕ್ಕಾ, ನಿಮ್ಮ ಮಾತನ್ನು ನನ್ನ ಅವ್ವನಿಗೂ ತೋರಿಸಿದೆ.

ಈಗ ಯೋಜನೆ ಹೀಗೆ ಬದಲಾಗಿದೆ. ಏಳು ಅಡಿಯ ಮಡಚುವ ಟೇಬಲ್ಲೊಂದನ್ನು ಕೊಳ್ಳುತ್ತೇನೆ; ಅದು ಎಲ್ಲಿ ಇಳಿಯುತ್ತದೆಯೋ ಅಲ್ಲಿಯೇ ಉಳಿಯುತ್ತದೆ. ಪ್ರದರ್ಶನ ಹದಿನೈದು ನಿಮಿಷ. ನಂತರ ಇಬ್ಬಿಬ್ಬರ ಜೋಡಿಯಾಗಿ ಜವಾನರ ಆಟ, ಅದರಲ್ಲಿ ನಾವು ಚೆಂಡು ಜೋಡಿಸಿಕೊಡುವವರು. ಡಿಸೆಂಬರ್ 7ಕ್ಕೆ ಬಳ್ಳಾರಿಯ ಮಾಜಿ ಸೈನಿಕರ ಮುಂದೆ ಮೊದಲ ಆಟ ಆಡಲು ಅವಕಾಶ ಕೇಳಲು ಬರುವ ಸೋಮವಾರ ಹೋಗುತ್ತೇನೆ, ನಮ್ಮ ಓಣಿಯ ಒಬ್ಬ ಹವಾಲ್ದಾರ್ ಕಾಕಾ ಜೊತೆಗೆ ಬರುವುದಾಗಿ ಹೇಳಿದ್ದಾರೆ. ಮೋರನಾಳದ ಕಡೆಯ ತಂಗೀ, ನಿಮ್ಮ ಪೆಟ್ಟಿಗೆಗೆ ನಮ್ಮ ಗಾಡಿಯಲ್ಲಿ ಜಾಗ ಇಟ್ಟಿದ್ದೇನೆ. ಅಪ್ಪನವರೊಡನೆ ಮಾತನಾಡಲು ಬರುವ ವಾರ ನಾನೇ ಬರುತ್ತೇನೆ.

ಇದೆಲ್ಲ ಆಗುವುದಕ್ಕೆ ಇನ್ನೂ ತಿಂಗಳುಗಳು ಬೇಕು. ಅದಕ್ಕೇ ಇವತ್ತು ಬೆಳಿಗ್ಗೆ ಬೆಂಗಳೂರು ರಸ್ತೆಯ ಕ್ರೀಡಾಸಾಮಗ್ರಿ ಅಂಗಡಿಗೆ ಹೋಗಿ ಆರು ಕೇರಂ ಸ್ಟ್ರೈಕರ್, ಎರಡು ಜೊತೆ ಕಾಯಿ, ನಾಲ್ಕು ಡಬ್ಬಿ ಪೌಡರ್ ತಂದೆ. ಒಂದೊಂದು ಸ್ಟ್ರೈಕರನ್ನೂ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆ ಕಟ್ಟಿ, ಮೇಲೆ ತಮ್ಮನ ನಂಬರು, ಹೆಸರು, ಪಲ್ಟನ್ನು, ಕೇರ್ ಆಫ್ 56 ಎ.ಪಿ.ಓ. (ಸೇನೆಯ ಅಂಚೆ ಕಚೇರಿ) ಎಂದು ಬರೆದು ಅಂಚೆಗೆ ಹಾಕಿ ಈಗಷ್ಟೇ ಬಂದೆ. ಒಳಗೆ ಒಂದು ಚೀಟಿ ಇಟ್ಟಿದ್ದೇನೆ: ಆ ಪಾಲಿಶ್ ಡಬ್ಬಿಯ ಮುಚ್ಚಳವನ್ನು ಎಸೆಯಬೇಡ, ಮುಂದಿನ ರಜೆಗೆ ಬರುವಾಗ ತೆಗೆದುಕೊಂಡು ಬಾ.